ಕಾಸರಗೋಡಿನಿಂದ ನಾಯಿಯನ್ನು ವಿಮಾನದಲ್ಲಿ ಕರೆದೊಯ್ಯುವುದು: ಕಾಗದಪತ್ರ, ಮೃಗಾಸ್ಪತ್ರೆ ಖರ್ಚು, ಯಾವ ದಾರಿ?

ಬದಿಯಡ್ಕದಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ದುಬೈಯಲ್ಲಿದ್ದಾರೆ. ಏಪ್ರಿಲ್‌ನಲ್ಲಿ ಅಲ್ಲಿ ಶಾಲೆ ಶುರುವಾಗುವ ಮೊದಲು ನಾನೂ ಮಕ್ಕಳೂ ಹೋಗುವುದೆಂದು ತೀರ್ಮಾನ ಆಗಿದೆ. ಮನೆಯಲ್ಲಿ ಕರಿಯ ಇದ್ದಾನೆ. ಊರ ನಾಯಿ, ಆರು ವರ್ಷ, 18 ಕೆಜಿ ತೂಗುತ್ತಾನೆ. ಅವನನ್ನು ಬಿಟ್ಟು ಹೋಗುವ ಮನಸ್ಸು ಮಗಳಿಗೂ ಇಲ್ಲ, ನನಗೂ ಇಲ್ಲ.

ಒಬ್ಬ ಏಜೆಂಟರನ್ನು ಕೇಳಿದೆ. ಒಂದೂಮುಕ್ಕಾಲು ಲಕ್ಷ ಅಂದರು. ಯಾವುದಕ್ಕೆ ಎಷ್ಟು ಅಂತ ಕೇಳಿದರೆ "ಎಲ್ಲ ಸೇರಿ ಅಮ್ಮ" ಅನ್ನುವುದು ಬಿಟ್ಟರೆ ಬೇರೆ ಉತ್ತರ ಇಲ್ಲ. ಪಂಚಾಯತಿನ ಕ್ಯಾಂಪಿನಲ್ಲಿ ಪ್ರತಿ ವರ್ಷ ರೇಬೀಸ್ ಇಂಜೆಕ್ಷನ್ ಹಾಕಿಸಿದ್ದೇನೆ, ಚೀಟಿ ಇದೆ. ಇನ್ನು ಏನೇನು ಬೇಕು? ಮಂಗಳೂರಿನಿಂದ ಹೋಗಬಹುದಾ? ಖರ್ಚು ಎಲ್ಲೆಲ್ಲಿ ಬರುತ್ತದೆ? ಅನುಭವ ಇದ್ದವರು ದಯವಿಟ್ಟು ಹೇಳಿ.

ಉಪ್ಪಳ_ಶಾರ್ಜಾ

ಅಕ್ಕ, ಮೊದಲು ಒಂದು ಸಮಾಧಾನದ ಮಾತು. ಊರ ನಾಯಿಗೆ ಯುಎಇಯಲ್ಲಿ ತಡೆ ಇಲ್ಲ. ರಾಟ್‌ವೀಲರ್, ಡಾಬರ್‌ಮನ್, ಬಾಕ್ಸರ್, ಪಿಟ್‌ಬುಲ್, ಮಾಸ್ಟಿಫ್ ಜಾತಿಗಳನ್ನು ಒಳಗೇ ಬಿಡುವುದಿಲ್ಲ. ನಮ್ಮ ಕಡೆ ತೋಟದ ಮನೆಗಳಲ್ಲಿ ರಾಟ್‌ವೀಲರ್ ಸಾಕುವವರು ಜಾಸ್ತಿ. ಅವರು ಯಾವ ಖರ್ಚಿಗೂ ಕೈಹಾಕುವ ಮೊದಲೇ ಇದನ್ನು ತಿಳಿದುಕೊಳ್ಳಬೇಕು.

ಎರಡನೆಯದು, ದುಬೈಗೆ ನಾಯಿ ಕಾರ್ಗೋ ಆಗಿಯೇ ಬರಬೇಕು. ನಿಮ್ಮ ಸೀಟಿನ ಪಕ್ಕದಲ್ಲಿ ಕೂರಿಸಿಕೊಂಡು ಬರುವುದಕ್ಕಾಗುವುದಿಲ್ಲ, ಲಗೇಜಿನ ಲೆಕ್ಕದಲ್ಲೂ ಬರುವ ಹಾಗಿಲ್ಲ. ಅಲ್ಲಿನ ಹವಾಮಾನ ಬದಲಾವಣೆ ಮತ್ತು ಪರಿಸರ ಸಚಿವಾಲಯದಿಂದ ಆಮದು ಪರ್ಮಿಟ್ ಬೇಕು. ಅದನ್ನು ಆನ್‌ಲೈನಲ್ಲಿ ತೆಗೆಯುವುದು. ನಿಮ್ಮ ಯಜಮಾನರು ಅಲ್ಲೇ ಇರುವುದರಿಂದ ಅವರೇ ಮಾಡಬಹುದು, ಅದಕ್ಕೆ ಏಜೆಂಟ್ ಬೇಡ. ಒಬ್ಬರಿಗೆ ವರ್ಷಕ್ಕೆ ಎರಡೇ ಪ್ರಾಣಿ.

ಬಂದ ಮೇಲೆ ದುಬೈ ಮುನ್ಸಿಪಾಲಿಟಿಯಲ್ಲಿ ನೋಂದಣಿ ಮಾಡಿಸಿ ಕೊರಳಿಗೆ ಬಿಲ್ಲೆ ಹಾಕಬೇಕು. ಇನ್ನೊಂದು, ಫ್ಲಾಟ್ ಹಿಡಿಯುವಾಗಲೇ ನಾಯಿ ಇದೆ ಅಂತ ಹೇಳಿ ಹಿಡಿಯಿರಿ. ಎಷ್ಟೋ ಕಟ್ಟಡಗಳಲ್ಲಿ ನಾಯಿ ಸಾಕಲು ಬಿಡುವುದಿಲ್ಲ.

ಕುಂಬಳೆ_ನಿವೃತ್ತ_ಪಶುವೈದ್ಯ

ತಂಗೀ, ನಾನು ಸರಕಾರಿ ಮೃಗಾಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಸಮಾಧಾನದಲ್ಲಿ ಓದಿ.

ಈ ಕೆಲಸದಲ್ಲಿ ದುಡ್ಡಿಗಿಂತ ಕ್ರಮ ಮುಖ್ಯ. ಮೊದಲು ಮೈಕ್ರೋಚಿಪ್. ಆಮೇಲೆ ರೇಬೀಸ್ ಇಂಜೆಕ್ಷನ್. ಅದಾದ ಮೇಲೆ ರಕ್ತಪರೀಕ್ಷೆ. ಕೊನೆಗೆ ಆರೋಗ್ಯ ಸರ್ಟಿಫಿಕೇಟು. ಇದು ಹಿಂದುಮುಂದಾದರೆ ಮಾಡಿದ್ದನ್ನೇ ಮತ್ತೆ ಮಾಡಿಸಬೇಕಾಗುತ್ತದೆ, ಹಣವೂ ಎರಡು ಸಲ ಹೋಗುತ್ತದೆ. ಕರಿಯನಿಗೆ ಪ್ರತಿ ವರ್ಷ ಇಂಜೆಕ್ಷನ್ ಆಗಿದೆ, ಒಳ್ಳೆಯದೇ. ಆದರೆ ಚಿಪ್ ಇಲ್ಲದ ನಾಯಿಯ ಚೀಟಿಯನ್ನು ವಿದೇಶದವರು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಷ್ಟ. ಆ ಚೀಟಿಯಲ್ಲಿರುವ ನಾಯಿ ಇದೇ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಚಿಪ್ ಹಾಕಿಸಿ, ಇಂಜೆಕ್ಷನ್ ಇನ್ನೊಮ್ಮೆ ಕೊಡಿಸಿ. ಆರೋಗ್ಯವಾಗಿರುವ ನಾಯಿಗೆ ಒಂದು ಇಂಜೆಕ್ಷನ್ ಜಾಸ್ತಿಯಾದರೆ ತೊಂದರೆ ಇಲ್ಲ.

ಚಿಪ್ ಅಂದರೆ ಅಕ್ಕಿಕಾಳಿನಷ್ಟು ದೊಡ್ಡದು. ಹೆಗಲಿನ ನಡುವೆ ಚರ್ಮದ ಕೆಳಗೆ ಸೂಜಿಯಿಂದ ಹಾಕುತ್ತಾರೆ. ಐಎಸ್‌ಒ 11784 ಮತ್ತು 11785 ಮಾನದಂಡದ್ದೇ ಆಗಬೇಕು, ನಂಬರಿನಲ್ಲಿ 15 ಅಂಕೆ ಇರುತ್ತದೆ. ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಸ್ಕ್ಯಾನರ್ ಹಿಡಿಯಲು ಹೇಳಿ. ಸ್ಕ್ಯಾನರಿನಲ್ಲಿ ಬಂದ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ.

ಇಂಜೆಕ್ಷನ್ ಪುಸ್ತಕದ ಬಗ್ಗೆ ಒಂದು ಮಾತು. ಲಸಿಕೆ ಬಾಟಲಿಯ ಮೇಲೆ ಸಣ್ಣ ಸ್ಟಿಕರ್ ಇರುತ್ತದೆ: ಕಂಪೆನಿ, ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು. ಅದನ್ನು ಕಿತ್ತು ಪುಸ್ತಕದಲ್ಲಿ ಅಂಟಿಸಬೇಕು. ಡಾಕ್ಟರ ಸಹಿ ಮತ್ತು ಸೀಲು ಅರ್ಧ ಸ್ಟಿಕರಿನ ಮೇಲೆ, ಅರ್ಧ ಕಾಗದದ ಮೇಲೆ ಬೀಳಬೇಕು. ಡಾಕ್ಟರ ರಿಜಿಸ್ಟ್ರೇಷನ್ ನಂಬರ್ ಎದ್ದು ಕಾಣಬೇಕು. ಕ್ಯಾಂಪಿನಲ್ಲಿ ನೂರಾರು ನಾಯಿ ಸಾಲಾಗಿ ನಿಂತಿರುವಾಗ ಇದಕ್ಕೆಲ್ಲ ಪುರಸೊತ್ತು ಇರುವುದಿಲ್ಲ. ಪ್ರಯಾಣಕ್ಕಾಗಿ ಹಾಕಿಸುವ ಇಂಜೆಕ್ಷನ್ನನ್ನು ಆಸ್ಪತ್ರೆಗೆ ಹೋಗಿ ಹಾಕಿಸಿ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ.

ರಕ್ತಪರೀಕ್ಷೆ ಅಂದರೆ ಟೈಟರ್ ಟೆಸ್ಟ್. ರೇಬೀಸ್ ವಿರುದ್ಧದ ಪ್ರತಿಕಾಯ ಒಂದು ಮಿಲಿಲೀಟರಿಗೆ 0.5 ಐಯು (ಅಂತಾರಾಷ್ಟ್ರೀಯ ಯೂನಿಟ್) ಆದರೂ ಇರಬೇಕು. ಭಾರತ ರೇಬೀಸ್ ಇರುವ ದೇಶ, ಹಾಗಾಗಿ ಇಲ್ಲಿಂದ ಹೋಗುವ ನಾಯಿಗೆ ಯುಎಇಯೂ ಇದನ್ನು ಕೇಳುತ್ತದೆ. ಇಂಜೆಕ್ಷನ್ ಆಗಿ ತಿಂಗಳು ಕಳೆದ ಮೇಲೆ ರಕ್ತ ತೆಗೆಸಿ. ರಕ್ತವನ್ನು ಹಾಗೆಯೇ ಕಳಿಸುವುದಲ್ಲ. ಸೀರಮ್ ಬೇರೆ ಮಾಡಿ, ತಂಪಿನಲ್ಲಿಟ್ಟು, ಹೋಗುವ ದೇಶ ಒಪ್ಪುವ ಲ್ಯಾಬಿಗೆ ಕಳಿಸಬೇಕು. ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಲ್ಯಾಬ್‌ಗೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಇದೆ. ನೀವು ಹೋಗುವ ದೇಶದ ಪಟ್ಟಿಯಲ್ಲಿ ಯಾವ ಲ್ಯಾಬ್‌ಗಳಿವೆ ಅಂತ ಮೊದಲು ನೋಡಿ, ಆಮೇಲೆಯೇ ರಕ್ತ ತೆಗೆಸಿ.

ಏಪ್ರಿಲ್‌ನಲ್ಲಿ ಹೋಗುವುದಾದರೆ ಈಗಲೇ ಚಿಪ್ ಹಾಕಿಸಿ.

ಪೆರ್ಲದ_ಮೇಷ್ಟ್ರು

ಡಾಕ್ಟ್ರು ಹೇಳಿದ ಫೋಟೋ ವಿಷಯಕ್ಕೆ ನನ್ನದೂ ಒಂದು ಮಾತು. ನಮ್ಮ ನಾಯಿಯನ್ನು ಮಗನ ಹತ್ತಿರ ಜರ್ಮನಿಗೆ ಕಳಿಸುವಾಗ ಒಂದು ಖಾಸಗಿ ಕ್ಲಿನಿಕ್‌ನವರು ಚಿಪ್ ನಂಬರ್ ಬರೆಯುವಾಗ ಒಂದು ಅಂಕೆ ತಪ್ಪು ಬರೆದರು. 6 ಇದ್ದಲ್ಲಿ 8 ಆಗಿತ್ತು. ಅದೇ ನಂಬರ್ ಲ್ಯಾಬಿನ ಫಾರ್ಮಿಗೆ ಹೋಯಿತು, ಲ್ಯಾಬಿನಿಂದ ಅದೇ ರಿಪೋರ್ಟಾಗಿ ಬಂತು. ಸರಿಮಾಡಿಸಲು ಎಷ್ಟು ಓಡಾಟ, ಎಷ್ಟು ಫೋನು! ಸ್ಕ್ಯಾನರಿನ ಫೋಟೋ ಇದ್ದದ್ದರಿಂದ ಬಚಾವಾದೆವು.

ಯುರೋಪಿಗೆ ಹೋಗುವವರಿಗೆ ಲೆಕ್ಕ ಇನ್ನೂ ಬಿಗಿ. ಚಿಪ್ ಆದ ಮೇಲೆ ಇಂಜೆಕ್ಷನ್. ಇಂಜೆಕ್ಷನ್ ಆಗಿ 30 ದಿನ ಕಳೆದ ಮೇಲೆ ರಕ್ತ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ರಿಪೋರ್ಟ್ ಬಂದ ದಿನದಿಂದ ಅಲ್ಲ, ರಕ್ತ ತೆಗೆದ ದಿನದಿಂದ. ಕೊನೆಗೆ ಸಿಗುವ ಆರೋಗ್ಯ ಸರ್ಟಿಫಿಕೇಟು ಕೊಟ್ಟ ದಿನದಿಂದ 10 ದಿನದೊಳಗೆ ನಾಯಿ ಅಲ್ಲಿ ಕಾಲಿಡಬೇಕು. ಮನೆಯವರು ನಾಯಿ ಹೋಗುವ 5 ದಿನದ ಆಚೆ ಈಚೆಯೊಳಗೆ ಪ್ರಯಾಣ ಮಾಡಬೇಕು, ಇಲ್ಲದಿದ್ದರೆ ಅದು ವ್ಯಾಪಾರದ ಸಾಗಾಟ ಅಂತ ಆಗುತ್ತದೆ.

ಇಷ್ಟರಲ್ಲಿ ಒಂದು ಒಳ್ಳೆಯ ಸಂಗತಿಯೂ ಇದೆ. ಯುರೋಪಿನ ಲೆಕ್ಕದಲ್ಲಿ ಟೈಟರ್ ಒಮ್ಮೆ ಪಾಸಾದರೆ ಸಾಕು. ವರ್ಷ ವರ್ಷದ ಇಂಜೆಕ್ಷನ್ ಒಂದು ದಿನವೂ ತಪ್ಪದಂತೆ ಹಾಕಿಸುತ್ತಾ ಹೋದರೆ ಮತ್ತೆ ರಕ್ತ ಕೊಡಬೇಕಾಗಿಲ್ಲ.

ಮುಳ್ಳೇರಿಯ_ತೋಟದಮನೆ

ಬೇಜಾರು ಮಾಡಬೇಡಿ ಅಕ್ಕ, ಒಂದು ಮಾತು ಕೇಳುತ್ತೇನೆ. ಅಂಗಳ, ತೋಟ, ಹಳ್ಳ ಅಂತ ಸುತ್ತಿಕೊಂಡು ಬೆಳೆದ ನಾಯಿ ಅದು. ಅದನ್ನು ಗೂಡಿಗೆ ಹಾಕಿ ವಿಮಾನದ ಹೊಟ್ಟೆಗೆ ತುಂಬಿ, ಆಮೇಲೆ ಹನ್ನೆರಡನೇ ಮಹಡಿಯ ಫ್ಲಾಟಿನಲ್ಲಿ ಇಡುವುದು ಅದಕ್ಕೆ ಸುಖವಾ? ನಿಮ್ಮ ತಮ್ಮನೋ ಅಕ್ಕಪಕ್ಕದವರೋ ನೋಡಿಕೊಳ್ಳುವುದಾದರೆ ಇಲ್ಲೇ ಬಿಡಬಹುದಲ್ವಾ? ನಮ್ಮ ಅಣ್ಣ ಹಾಗೆಯೇ ಮಾಡಿದರು. ನಾಯಿ ನಮ್ಮಲ್ಲಿ ಚೆನ್ನಾಗಿದೆ.

ಬದಿಯಡ್ಕದಕ್ಕ

ಬೇಜಾರಿಲ್ಲ. ನಾನೂ ಅದನ್ನು ಯೋಚಿಸಿದ್ದೇನೆ. ನಿಮ್ಮಲ್ಲಿ ಮನೆ ತುಂಬ ಜನ ಇದ್ದೀರಿ, ಅಣ್ಣನ ನಾಯಿಗೆ ನೀವು ಹೊಸಬರಲ್ಲ. ನಮ್ಮಲ್ಲಿ ನಾವು ಹೊರಟರೆ ಮನೆಗೇ ಬೀಗ. ಕರಿಯ ನಾವಿಲ್ಲದಾಗ ಬೇರೆಯವರ ಕೈಯಿಂದ ಊಟ ಮಾಡುವುದಿಲ್ಲ. ಆಸ್ಪತ್ರೆಗೆಂದು ನಾಲ್ಕು ದಿನ ಹೋಗಿ ಬಂದಾಗ ಅವನ ಪಕ್ಕೆಲುಬು ಎಣಿಸುವ ಹಾಗಿತ್ತು. ಮಹಡಿಯಲ್ಲಿದ್ದರೂ ನಮ್ಮ ಜೊತೆ ಇದ್ದರೆ ಅವನಿಗೆ ಸುಖ ಅಂತ ನನಗೆ ಅನ್ನಿಸುತ್ತದೆ.

ಕುಂಬಳೆ_ನಿವೃತ್ತ_ಪಶುವೈದ್ಯ

ಇಬ್ಬರದ್ದೂ ಸರಿ. ಆರು ವರ್ಷದ ಗಟ್ಟಿ ಊರ ನಾಯಿ, ಪ್ರಯಾಣ ತಡೆದುಕೊಳ್ಳುತ್ತದೆ. ಪಗ್, ಶಿಟ್ಜು, ಬುಲ್‌ಡಾಗ್ ತರಹದ ಚಪ್ಪಟೆ ಮೂಗಿನ ನಾಯಿ ಆಗಿದ್ದರೆ ಅಥವಾ ಹೃದಯದ ತೊಂದರೆಯ ಮುದಿ ನಾಯಿ ಆಗಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಚಪ್ಪಟೆ ಮೂಗಿನವಕ್ಕೆ ಸೆಕೆಯಲ್ಲಿ, ಗಾಬರಿಯಲ್ಲಿ ಉಸಿರು ಕಟ್ಟುತ್ತದೆ. ಅದಕ್ಕೇ ಎಷ್ಟೋ ವಿಮಾನ ಕಂಪೆನಿಗಳು ಅವನ್ನು ಕಾರ್ಗೋದಲ್ಲಿ ತೆಗೆದುಕೊಳ್ಳುವುದೇ ಇಲ್ಲ.

ಹೊರಡುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ. ಇದು ಟೈಟರ್ ಅಲ್ಲ, ಆರೋಗ್ಯದ್ದು. ನಮ್ಮ ಕಡೆಯ ತೋಟದ ನಾಯಿಗಳಿಗೆ ಉಣುಗಿನಿಂದ ಬರುವ ಜ್ವರ ಜಾಸ್ತಿ. ಮೇಲೆ ನೋಡುವುದಕ್ಕೆ ಚೆನ್ನಾಗಿಯೇ ಇರುತ್ತವೆ, ಒಳಗೆ ರಕ್ತ ಕಮ್ಮಿಯಾಗಿರುತ್ತದೆ. ಅಂಥ ನಾಯಿಯನ್ನು ಪ್ರಯಾಣಕ್ಕೆ ಹೊರಡಿಸಬಾರದು.

ನಿದ್ದೆ ಔಷಧಿ ಮಾತ್ರ ಯಾರು ಹೇಳಿದರೂ ಕೊಡಬೇಡಿ. ರಕ್ತದೊತ್ತಡ ಇಳಿಯುತ್ತದೆ, ಮೈಬಿಸಿ ಹತೋಟಿ ತಪ್ಪುತ್ತದೆ, ಒಳಗೆ ಏನಾದರೂ ಆದರೆ ನೋಡುವವರಿಲ್ಲ. ಮಂಪರು ಬರಿಸಿದ ನಾಯಿ ಅಂತ ಗೊತ್ತಾದರೆ ಕೌಂಟರಿನಿಂದಲೇ ವಾಪಸು ಕಳಿಸುತ್ತಾರೆ.

ನೀಲೇಶ್ವರ_ಪುಣೆ

ದೇಶದೊಳಗೆ ಹೋಗುವವರಿಗೆ ಇಷ್ಟೆಲ್ಲ ಬೇಡ ಅಂತ ಹೇಳಿಬಿಡುತ್ತೇನೆ, ಓದಿ ಹೆದರಿಕೊಳ್ಳಬೇಡಿ. ಬೇಕಾಗಿರುವುದು ರೇಬೀಸ್ ಇಂಜೆಕ್ಷನ್ ಪುಸ್ತಕ, ಪ್ರಯಾಣಕ್ಕೆ ಯೋಗ್ಯ ಅಂತ ಡಾಕ್ಟರ ಸರ್ಟಿಫಿಕೇಟು, ವಿಮಾನ ಕಂಪೆನಿಯ ಫಾರ್ಮು. ಸರ್ಟಿಫಿಕೇಟು ಕಂಪೆನಿಯವರ ಉಪದ್ರ ಅಲ್ಲ. 1978ರ ಪ್ರಾಣಿ ಸಾಗಾಟ ನಿಯಮದಲ್ಲೇ ಇದೆ, ರೈಲಿಗೂ ಬೇಕು, ರಸ್ತೆಗೂ ಬೇಕು.

ತೊಂದರೆ ಇರುವುದು ಯಾವ ವಿಮಾನ ಅನ್ನುವುದರಲ್ಲಿ. ಇಂಡಿಗೋದವರು ಅಂಗವಿಕಲರಿಗೆ ನೆರವಾಗುವ ತರಬೇತಿಯ ನಾಯಿ ಬಿಟ್ಟು ಬೇರೆ ನಾಯಿ ಹತ್ತಿಸುವುದಿಲ್ಲ. ಏರ್ ಇಂಡಿಯಾದವರು ತೆಗೆದುಕೊಳ್ಳುತ್ತಾರೆ. ಆಕಾಶ ಏರ್ 2022ರ ನವೆಂಬರಿನಿಂದ ಶುರು ಮಾಡಿದೆ. ಸಣ್ಣ ನಾಯಿಯಾದರೆ ಕ್ಯಾಬಿನ್, ದೊಡ್ಡದಾದರೆ ಕೆಳಗೆ. ತೂಕ ಅಂದರೆ ಗೂಡೂ ಸೇರಿ, ನಾಯಿಯದ್ದು ಮಾತ್ರ ಅಲ್ಲ. ಒಂದು ವಿಮಾನಕ್ಕೆ ಇಷ್ಟೇ ಪ್ರಾಣಿ ಅಂತ ಮಿತಿ ಇರುತ್ತದೆ. ಹಾಗಾಗಿ ಮೊದಲು ಫೋನ್ ಮಾಡಿ ನಾಯಿಗೆ ಜಾಗ ಖಾತ್ರಿ ಮಾಡಿಕೊಂಡು ಆಮೇಲೆ ನಿಮ್ಮ ಟಿಕೆಟ್ ತೆಗೆಯಿರಿ.

ಮಂಗಳೂರು, ಕಣ್ಣೂರು ಹತ್ತಿರ ಅಂತ ಅಲ್ಲಿಂದಲೇ ಹುಡುಕುತ್ತಾ ಕೂತರೆ ದಿನ ಹೋಗುತ್ತದೆ. ನಾಯಿ ಒಯ್ಯುವ ವಿಮಾನ ಎಲ್ಲಿಂದ ನೇರ ಇದೆಯೋ ಆ ಊರಿಗೆ ಕಾರಿನಲ್ಲೋ ರೈಲಿನಲ್ಲೋ ಹೋಗುವುದೇ ಒಳ್ಳೆಯದು. ನಡುವೆ ವಿಮಾನ ಬದಲಿಸುವ ದಾರಿ ನಾಯಿಗೆ ಹಿಂಸೆ.

ಬದಿಯಡ್ಕದಕ್ಕ

ಹಾಗಾದರೆ ದುಬೈಗೆ ಎಲ್ಲಿಂದ?

ಉಪ್ಪಳ_ಶಾರ್ಜಾ

ಪ್ರಾಣಿ ಹೊರದೇಶಕ್ಕೆ ಹೋಗಬೇಕಾದರೆ ಕೇಂದ್ರ ಸರಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯ ಸರ್ಟಿಫಿಕೇಟು ಬೇಕು. ಎಕ್ಯೂಸಿಎಸ್ ಅನ್ನುತ್ತಾರಲ್ಲ, ಅದೇ. ಅದು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಹೈದರಾಬಾದ್, ಬೆಂಗಳೂರಿನಲ್ಲಿ ಇದೆ. 2024ರಲ್ಲಿ ಕೊಚ್ಚಿ ವಿಮಾನ ನಿಲ್ದಾಣದಲ್ಲೂ ಸಾಕುಪ್ರಾಣಿ ಕಳಿಸುವ ವ್ಯವಸ್ಥೆ ಶುರುವಾಯಿತು, ಅದೇ ವರ್ಷ ಹೊರದೇಶದಿಂದ ತರಿಸುವುದಕ್ಕೂ ಅನುಮತಿ ಸಿಕ್ಕಿತು. ನಮ್ಮ ಗಲ್ಫಿನವರಿಗೆ ಇದು ದೊಡ್ಡ ಉಪಕಾರ.

ನಿಮಗೆ ಬೆಂಗಳೂರು ಇಲ್ಲವೇ ಕೊಚ್ಚಿ. ಎರಡೂ ದೂರದಲ್ಲಿ ಹೆಚ್ಚುಕಮ್ಮಿ ಒಂದೇ. ಬೆಂಗಳೂರಿಗಾದರೆ ಸುಳ್ಯ, ಮಡಿಕೇರಿ ಮೇಲಿಂದ ಹೋಗಬೇಕು. ಸಂಪಾಜೆ ಘಾಟಿಯ ತಿರುವಿನಲ್ಲಿ ಅಭ್ಯಾಸ ಇಲ್ಲದ ನಾಯಿ ವಾಂತಿ ಮಾಡುತ್ತದೆ. ಹೊಟ್ಟೆ ಖಾಲಿ ಮಾಡಿಕೊಂಡು, ಸುಸ್ತಾಗಿ ವಿಮಾನ ಹತ್ತುವುದು ಒಳ್ಳೆಯದಲ್ಲ. ಕೊಚ್ಚಿಗಾದರೆ ದಾರಿ ಸಪಾಟು. ನನ್ನನ್ನು ಕೇಳಿದರೆ ಕೊಚ್ಚಿಯೇ. ಒಂದು ದಿನ ಮುಂಚೆ ಹೋಗಿ ನಾಯಿ ಬಿಡುವ ವಸತಿಯಲ್ಲಿ ಉಳಿದುಕೊಳ್ಳಿ.

ಬೇಸಿಗೆಯಲ್ಲಿ ಗಲ್ಫ್ ಕಡೆ ಪ್ರಾಣಿ ಸಾಗಾಟಕ್ಕೆ ವಿಮಾನ ಕಂಪೆನಿಗಳು ತಡೆ ಹಾಕುವುದುಂಟು. ಏಪ್ರಿಲ್‌ಗೆ ಕಾಯುವ ಬದಲು ಮಾರ್ಚ್‌ನಲ್ಲೇ ಕಳಿಸುವ ಹಾಗೆ ನೋಡಿ. ರಾತ್ರಿ ವಿಮಾನ ಕೇಳಿ.

ಮಂಜೇಶ್ವರದ_ಮಾಣಿ

ರೈಲಿನ ಬಗ್ಗೆ: ಎಸಿ ಫಸ್ಟ್ ಕ್ಲಾಸಿನಲ್ಲಿ ಎರಡು ಬರ್ತಿನ ಕೂಪೆ ಅಥವಾ ನಾಲ್ಕರ ಕ್ಯಾಬಿನ್ ಪೂರ್ತಿ ನಿಮಗೇ ಸಿಕ್ಕಿದರೆ ನಾಯಿ ಜೊತೆಗೆ ಬರಬಹುದು. ಸ್ಲೀಪರಿಗೆ, ಟೂ ಟೈರಿಗೆ, ತ್ರೀ ಟೈರಿಗೆ ಬಿಡುವುದಿಲ್ಲ. ಇಲ್ಲದಿದ್ದರೆ ಗಾರ್ಡ್ ವ್ಯಾನಿನ ಪೆಟ್ಟಿಗೆ. ಅದರಲ್ಲಿ ಹಾಕಬೇಡಿ, ಕತ್ತಲು, ಸೆಕೆ, ಸದ್ದು. ಅದಕ್ಕಿಂತ ಕಾರು ಸಾವಿರ ಪಾಲು ಉತ್ತಮ.

ಹೊಸದುರ್ಗ_ಕಾರ್ಗೋ

ನಾನು ವಿಮಾನ ಸರಕಿನ ಕೆಲಸದಲ್ಲಿದ್ದೇನೆ. ಅಕ್ಕ ಕೇಳಿದ ಖರ್ಚಿನ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. ಮೃಗಾಸ್ಪತ್ರೆ ಖರ್ಚು ಇದರಲ್ಲಿ ಸಣ್ಣ ಪಾಲು. ದೊಡ್ಡ ಪಾಲು ಗೂಡಿನದ್ದು. ಗೂಡಿನ ಬೆಲೆ ಅಂತಲ್ಲ, ಗೂಡಿನ ಅಳತೆ.

ಕಾರ್ಗೋದಲ್ಲಿ ತೂಕವನ್ನು ಎರಡು ರೀತಿ ನೋಡುತ್ತಾರೆ. ಒಂದು ತಕ್ಕಡಿಯ ತೂಕ. ಇನ್ನೊಂದು ಜಾಗದ ತೂಕ: ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುವುದು. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಾಡಿಗೆ. ಅಂಗಡಿಯಲ್ಲಿ ಸಿಗುವ 91×64×69 ಗೂಡು ತೆಗೆದುಕೊಳ್ಳಿ. ಲೆಕ್ಕ ಹಾಕಿದರೆ 67 ಕೆಜಿ ಬರುತ್ತದೆ. ಕರಿಯ ಇರುವುದು 18 ಕೆಜಿ, ಬಿಲ್ಲು 67 ಕೆಜಿಗೆ. "ದೊಡ್ಡದಿರಲಿ, ಆರಾಮಾಗಿ ಹೋಗಲಿ" ಅಂತ ಇನ್ನೊಂದು ಸೈಜ್ ಮೇಲಿನದ್ದು, 102×69×76 ತೆಗೆದರೆ 89 ಕೆಜಿ. ನಾಯಿ ಅದೇ, ಬಾಡಿಗೆ ಮೂರನೇ ಒಂದು ಭಾಗ ಜಾಸ್ತಿ. ಅಷ್ಟು ದೊಡ್ಡ ಗೂಡಿನಲ್ಲಿ ನಾಯಿ ಅತ್ತಿಂದಿತ್ತ ಜಾರುತ್ತದೆ, ಅದೂ ಒಳ್ಳೆಯದಲ್ಲ.

ಹಾಗಂತ ಸಣ್ಣದು ತಂದರೆ ಕೌಂಟರಿನಲ್ಲಿ ತಿರಸ್ಕರಿಸುತ್ತಾರೆ. ಸರಿಯಾದ ಅಳತೆ ಹೀಗೆ. ನಾಯಿಯನ್ನು ಸಮ ನೆಲದಲ್ಲಿ ನಿಲ್ಲಿಸಿ ಟೈಲರ್ ಟೇಪ್ ಹಿಡಿಯಿರಿ. ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಎಷ್ಟು, ನೆಲದಿಂದ ಮುಂಗಾಲಿನ ಮೊಣಕೈವರೆಗೆ ಎಷ್ಟು, ಹೆಗಲಿನ ಅಗಲ ಎಷ್ಟು, ನೆಲದಿಂದ ತಲೆಯವರೆಗೆ ಎಷ್ಟು. ಕಿವಿ ನೆಟ್ಟಗಿದ್ದರೆ ಕಿವಿಯ ತುದಿವರೆಗೆ. ಗೂಡಿನ ಉದ್ದ ಅಂದರೆ ಮೊದಲನೆಯದಕ್ಕೆ ಮೊಣಕೈ ಎತ್ತರದ ಅರ್ಧ ಕೂಡಿಸಬೇಕು. ಅಗಲ ಹೆಗಲಿನ ಎರಡರಷ್ಟು. ಎತ್ತರಕ್ಕೆ ಹಾಸಿಗೆಯ ದಪ್ಪ ಸೇರಿಸಬೇಕು. ಒಬ್ಬರು ನಾಯಿಯನ್ನು ಹಿಡಿದುಕೊಳ್ಳಿ, ಇನ್ನೊಬ್ಬರು ಅಳೆಯಿರಿ. ಒಬ್ಬರೇ ಅಳೆದರೆ ಅದು ಟೇಪಿನ ತುದಿ ಕಚ್ಚಿ ಎಳೆಯುತ್ತದೆ, ಅಳತೆ ತಪ್ಪುತ್ತದೆ.

ಗೂಡಿನ ಮೇಲಿನ ಕೆಳಗಿನ ಭಾಗ ಲೋಹದ ಬೋಲ್ಟ್ ನಟ್ಟಿನಿಂದ ಬಿಗಿದಿರಬೇಕು, ಪ್ಲಾಸ್ಟಿಕ್ ಕ್ಲಿಪ್ಪು ನಡೆಯುವುದಿಲ್ಲ. ಬಾಗಿಲು ಲೋಹದ್ದಾಗಿರಲಿ. ಚಕ್ರ ಇದ್ದರೆ ಬಿಚ್ಚಿ. ಹೊರಗಿನಿಂದಲೇ ನೀರು ಹೊಯ್ಯುವ ಹಾಗೆ ಬಟ್ಟಲು ಬಾಗಿಲಿಗೆ ಸಿಕ್ಕಿಸಿರಬೇಕು. ನಾಲ್ಕೂ ಬದಿ ಗಾಳಿಯ ತೂತು ಬೇಕು.

ಏಜೆಂಟರ ಬಗ್ಗೆ: ದುಬೈ ಕಾರ್ಗೋಗೆ ಸರಕು ಬುಕ್ ಮಾಡುವವರು ಒಬ್ಬರು ಬೇಕಾಗುತ್ತದೆ, ಅವರಿಲ್ಲದೆ ಕಷ್ಟ. ಆದರೆ ಅವರಿಗೆ ಕೊಡಬೇಕಾದ್ದು ಬುಕಿಂಗ್, ಕಸ್ಟಮ್ಸ್, ಹ್ಯಾಂಡ್ಲಿಂಗ್ ಕೆಲಸಕ್ಕೆ ಮಾತ್ರ. ಚಿಪ್ಪು, ಇಂಜೆಕ್ಷನ್, ರಕ್ತ, ಪರ್ಮಿಟ್ಟು, ಗೂಡು ಇವು ನೀವೇ ಮಾಡಿಕೊಳ್ಳುವಂಥವು. ಬಾಡಿಗೆಯನ್ನು ಕೆಜಿಗೆ ಇಷ್ಟು, ಒಟ್ಟು ಇಷ್ಟು ಕೆಜಿ ಅಂತ ಬರೆದು ಕೊಡಲು ಹೇಳಿ. ಬರೆದು ಕೊಡದವರ ಹತ್ತಿರ ಹೋಗಬೇಡಿ.

ಪೆರ್ಲದ_ಮೇಷ್ಟ್ರು

ನಮಗೆ ಬಿದ್ದ ಖರ್ಚು ಅಂದಾಜಿಗೆ ಹೇಳುತ್ತೇನೆ, ಬೇರೆಯವರಿಗೆ ಹೆಚ್ಚುಕಮ್ಮಿ ಆಗಬಹುದು. ಚಿಪ್ಪಿಗೆ ಸಾವಿರ ಚಿಲ್ಲರೆ. ಸರಕಾರಿ ಮೃಗಾಸ್ಪತ್ರೆಯಲ್ಲಿ ಇಂಜೆಕ್ಷನ್ನಿಗೆ ತೀರಾ ಕಮ್ಮಿ. ಟೈಟರಿಗೆ ಲ್ಯಾಬ್ ಫೀಸು, ಕೊರಿಯರ್ ಸೇರಿ 20 ಸಾವಿರದ ಹತ್ತಿರ. ಗೂಡು 12 ಸಾವಿರ. ಉಳಿದದ್ದೆಲ್ಲ ವಿಮಾನದ ಬಾಡಿಗೆಯೇ.

ಇನ್ನೊಂದು ಕಾಗದ ಮರೆಯಬೇಡಿ: ಪಂಚಾಯತಿನ ನಾಯಿ ಲೈಸೆನ್ಸು. ಕೇರಳದಲ್ಲಿ 1998ರ ನಿಯಮದ ಪ್ರಕಾರ ಅದು ಹೇಗೂ ಬೇಕು. ನಾಯಿ ನಿಮ್ಮದೇ ಅನ್ನುವುದಕ್ಕೆ ಅದೊಂದು ಒಳ್ಳೆಯ ಆಧಾರ. ಅದರಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ. ಮನೆಹೆಸರು ಇನಿಶಿಯಲ್ ಅತ್ತಿತ್ತ ಆಗಿದ್ದರೆ ಈಗಲೇ ಅಕ್ಷಯ ಕೇಂದ್ರಕ್ಕೆ (ಸರಕಾರಿ ಅರ್ಜಿಗಳನ್ನು ಆನ್‌ಲೈನಲ್ಲಿ ಮಾಡಿಕೊಡುವ ಕೇಂದ್ರ) ಹೋಗಿ ಸರಿ ಮಾಡಿಸಿ.

ಕಾಸ್ರೋಡ್_ಟೆಕ್ಸಾಸ್

ಅಮೆರಿಕಕ್ಕೆ ಬರುವವರು ಯಾರಾದರೂ ಓದುತ್ತಿದ್ದರೆ: 2024ರ ಆಗಸ್ಟ್ 1ರಿಂದ ನಿಯಮ ಬದಲಾಗಿದೆ. ನಾಯಿಗೆ ಆರು ತಿಂಗಳು ತುಂಬಿರಬೇಕು, ಚಿಪ್ ಇರಬೇಕು. ಭಾರತದಲ್ಲಿ ಇಂಜೆಕ್ಷನ್ ಆದ ನಾಯಿಗೆ ಟೈಟರ್ ಇಲ್ಲದಿದ್ದರೆ 28 ದಿನ ಕ್ವಾರಂಟೈನ್, ಅದರ ಖರ್ಚು ನಮ್ಮದೇ. ಟೈಟರ್ ಇದ್ದರೂ ಅಲ್ಲಿನ ಸರಕಾರ ಗುರುತಿಸಿದ ಪ್ರಾಣಿ ಆರೈಕೆ ಕೇಂದ್ರದಲ್ಲಿ ಮುಂಚೆಯೇ ಜಾಗ ಕಾದಿರಿಸಬೇಕು, ಆ ಕೇಂದ್ರ ಇರುವ ವಿಮಾನ ನಿಲ್ದಾಣದಲ್ಲೇ ಇಳಿಯಬೇಕು. ಟೆಕ್ಸಾಸಿನಲ್ಲಿ ಅಂಥದ್ದು ಇಲ್ಲದ್ದರಿಂದ ನಾವು ಅಟ್ಲಾಂಟಾದಲ್ಲಿ ಇಳಿಸಿ, ಅಲ್ಲಿಂದ ಕಾರಿನಲ್ಲಿ ತಂದೆವು.

ಬದಿಯಡ್ಕದಕ್ಕ

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಆ ಏಜೆಂಟರಿಗೆ ಫೋನ್ ಮಾಡಿ, ಕೆಜಿ ಲೆಕ್ಕ ಬರೆದು ಕೊಡಿ ಅಂದೆ. ನಾಳೆ ಹೇಳುತ್ತೇನೆ ಅಂದಿದ್ದಾರೆ. ಯಜಮಾನರು ಪರ್ಮಿಟ್ಟಿನ ವಿಷಯ ನೋಡುತ್ತಿದ್ದಾರೆ. ಇನ್ನು ಎರಡು ಪ್ರಶ್ನೆ. ಕರಿಯ ಈವರೆಗೆ ಗೂಡಿನೊಳಗೆ ಹೋದವನೇ ಅಲ್ಲ, ಹೇಗೆ ರೂಢಿ ಮಾಡಿಸುವುದು? ಹಿಂದೆ ಬರುವಾಗ ಏನು ಗತಿ?

ಉಪ್ಪಳ_ಶಾರ್ಜಾ

ಹಿಂದೆ ಬರುವಾಗ ಎಕ್ಯೂಸಿಎಸ್‌ನಿಂದ ಮುಂಚಿತವಾಗಿ ನಿರಾಕ್ಷೇಪಣೆ ಪತ್ರ ತೆಗೆಯಬೇಕು. ಎರಡು ವರ್ಷ ಹೊರಗಿದ್ದು ಖಾಯಂ ಆಗಿ ಊರಿಗೆ ಬರುವವರಿಗೆ ಬ್ಯಾಗೇಜ್ ಲೆಕ್ಕದಲ್ಲಿ ಎರಡು ಪ್ರಾಣಿಯವರೆಗೆ ಬಿಡುತ್ತಾರೆ. ಉಳಿದವರಿಗೆ ಆಮದು ಲೈಸೆನ್ಸಿನ ರಗಳೆ. ಹಾಗಾಗಿ ರಜೆಗೆ ಬರುವಾಗಲೆಲ್ಲ ಕರಿಯನನ್ನು ಕರೆತರುವ ಯೋಚನೆ ಇಟ್ಟುಕೊಳ್ಳಬೇಡಿ. ನೀವು ರಜೆಗೆ ಬಂದಾಗ ಅವನು ನಮ್ಮಲ್ಲಿರಲಿ. ಮನೆಯಲ್ಲಿ ಎರಡು ನಾಯಿ ಇದ್ದಾವೆ, ಹೆಂಡತಿಗೆ ಅವುಗಳೆಂದರೆ ಜೀವ. ಮೊದಲು ಕೆಲವು ವಾರಾಂತ್ಯ ಬಿಟ್ಟು ಅಭ್ಯಾಸ ಮಾಡಿಸೋಣ.

ಕುಂಬಳೆ_ನಿವೃತ್ತ_ಪಶುವೈದ್ಯ

ಗೂಡು ಆದಷ್ಟು ಬೇಗ ತನ್ನಿ. ಬಾಗಿಲು ಬಿಚ್ಚಿಟ್ಟು ಜಗಲಿಯಲ್ಲಿ ಅವನು ಮಲಗುವ ಜಾಗದಲ್ಲೇ ಇಡಿ. ಅನ್ನದ ಬಟ್ಟಲು ಮೊದಲು ಗೂಡಿನ ಬಾಯಲ್ಲಿ, ಆಮೇಲೆ ಸ್ವಲ್ಪ ಒಳಗೆ, ಆಮೇಲೆ ಹಿಂದಿನ ಗೋಡೆಯ ಹತ್ತಿರ. ತಾನಾಗಿ ಹೋಗಬೇಕು, ನೂಕಬಾರದು. ಒಳಗೆ ಮಲಗಲು ಶುರು ಮಾಡಿದ ಮೇಲೆ ಬಾಗಿಲು ಸಿಕ್ಕಿಸಿ ಐದು ನಿಮಿಷ, ಹತ್ತು ನಿಮಿಷ ಮುಚ್ಚಿ. ಅದೂ ರೂಢಿಯಾದ ಮೇಲೆ ಗೂಡು ಸಮೇತ ಕಾರಿನಲ್ಲಿ ಕುಂಬಳೆವರೆಗೆ ಬನ್ನಿ, ನಾನೂ ಒಮ್ಮೆ ಅವನನ್ನು ನೋಡುತ್ತೇನೆ.

ಹೊರಡುವ ದಿನ ಊಟ ಹಗುರವಾಗಿರಲಿ, ಹೊರಡುವುದಕ್ಕೆ ಎರಡು ಗಂಟೆ ಮೊದಲೇ ಮುಗಿಸಿ. ನೀರು ಮಾತ್ರ ತಪ್ಪಿಸಬೇಡಿ. ಕೊನೆಗೆ ಗೂಡಿಗೆ ಹತ್ತಿಸುವ ಮೊದಲು ಚೆನ್ನಾಗಿ ನಡೆಸಿ, ಮೂತ್ರ ಮಾಡಿಸಿ. ಮಗಳ ಹಳೆ ಅಂಗಿ ಒಗೆಯದೆ ಒಳಗೆ ಹಾಸಿ, ಅದರ ವಾಸನೆ ಇದ್ದರೆ ಅವನಿಗೆ ಧೈರ್ಯ.

ಚಿಪ್ಪಿಗೆ ಹೋಗುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ, ಸ್ಕ್ಯಾನರ್ ಇದೆಯಾ ಅಂತ ಕೇಳಿಕೊಂಡೇ ಹೊರಡಿ. ಬೆಳಿಗ್ಗೆ ಬೇಗ ಹೋಗಿ, ಹತ್ತು ಗಂಟೆ ಮೇಲೆ ದನಕರುಗಳ ಕೇಸುಗಳಿಗೆ ಡಾಕ್ಟ್ರು ಹೊರಗೆ ಹೋಗಿರುತ್ತಾರೆ.